ಹಲ್ಲಿನಲ್ಲಿ ಕೇಳಿದ ಸದ್ದು

ಚೌಡಾಪುರದ ರಸ್ತೆ ಬದಿಯಲ್ಲಿ ಸಕ್ಕುಬಾಯಿ ಕೂರುವ ಜಾಗ ಮೂವತ್ತು ವರ್ಷದಿಂದ ಬದಲಾಗಿಲ್ಲ. ಒಂದು ಶಹಾಬಾದ್ ಕಲ್ಲು, ಒಂದು ಇಳಿಗಿ, ಒಂದು ಕೊಡ ನೀರು, ತಲೆಯ ಮೇಲೆ ಹರಿದ ತಾಡಪತ್ರಿ. ಸೊನ್ನದ ಬ್ಯಾರೇಜಿನ ಹಿನ್ನೀರಿನ ದಂಡೆಯಲ್ಲಿ ಅವಳ ಊರು. ಬೆಳಿಗ್ಗೆ ಟಂಟಂ ಹತ್ತಿ ಬಂದು ಕೂತರೆ ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿ. ಇಳಿಗಿಯ ಮಣೆಯನ್ನು ಬಲಗಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮೀನು ಹಿಡಿದು ಅಲಗಿಗೆ ಕೊಡುವಾಗ ಅವಳು ಕೈಯ ಕಡೆ ನೋಡುವುದಿಲ್ಲ, ಗಿರಾಕಿಯ ಮುಖ ನೋಡಿ ಮಾತಾಡುತ್ತಿರುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಬೆರಳಿಗೂ ಗಾಯವಾಗಿಲ್ಲ.

ಗಿರಾಕಿಗಳಿಗಿಂತ ಮೊದಲು ಅವಳ ಸುತ್ತ ಸೇರುವವರು ಮಕ್ಕಳು. ರೋಹು, ಕಟ್ಲಾ ಮೀನಿನ ಹೊಟ್ಟೆಯೊಳಗೆ ಬೆನ್ನೆಲುಬಿಗೆ ಅಂಟಿಕೊಂಡು ಒಂದು ಗಾಳಿಚೀಲ ಇರುತ್ತದೆ. ಹಾಲು ಬಣ್ಣ, ನಡುವೆ ದಾರ ಕಟ್ಟಿದಂಥ ಸೊಂಟ, ಎರಡೂ ಕಡೆ ಉಬ್ಬು. ಮೀನು ನೀರಿನಲ್ಲಿ ಮುಳುಗದೆ ತೇಲದೆ ನಿಲ್ಲುವುದು ಅದರಿಂದಲೇ. ಮಕ್ಕಳು ಅದನ್ನು ಪುಗ್ಗಾ ಎನ್ನುತ್ತಾರೆ. ಸಕ್ಕುಬಾಯಿ ಪುಗ್ಗಾವನ್ನು ಹರಿಯದಂತೆ ಬಿಡಿಸಿ ಕಲ್ಲಿನ ಅಂಚಿಗೆ ಇಡುತ್ತಾಳೆ. ಯಾವ ಮಗು ಮೊದಲು ಎತ್ತಿಕೊಳ್ಳುತ್ತದೋ ಅದರದ್ದು. ರಸ್ತೆಗೆ ಓಡಿ ಹಿಮ್ಮಡಿಯಲ್ಲಿ ತುಳಿದರೆ ಫಟ್ಟೆನ್ನುತ್ತದೆ. ಅಷ್ಟಕ್ಕೇ ಆ ಮಕ್ಕಳು ದಿನಾ ಬರುತ್ತಿದ್ದವು.

ಈ ವರ್ಷ ಶಿವರಾತ್ರಿ ಕಳೆದ ವಾರದಿಂದ ಪುಗ್ಗಾ ಸಿಗುವುದು ನಿಂತಿತು.

ಮೊದಲ ದಿನ ಒಂದು ದೊಡ್ಡ ಕಟ್ಲಾ ಸೀಳಿದಳು. ಪುಗ್ಗಾ ಇರಬೇಕಾದ ಕಡೆ ಒದ್ದೆ ಕಾಗದದಂಥ ಒಂದು ಚಿಂದಿ. ಬೆನ್ನೆಲುಬಿನ ಉದ್ದಕ್ಕೂ ಕಪ್ಪು ನೆತ್ತರು ಗಡ್ಡೆ ಕಟ್ಟಿತ್ತು. ಮೈಮೇಲೆ ಮಾತ್ರ ಒಂದು ಗೀರಿಲ್ಲ, ಒಂದು ಹುರುಪೆ ಎದ್ದಿಲ್ಲ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅಲಗು ಮುಟ್ಟಿಸುವ ಮೊದಲು ಸಕ್ಕುಬಾಯಿ ತಿರುಗಿ ರಸ್ತೆಗೆ ಬೆನ್ನು ಮಾಡಿ ಕೂತಳು. ಹೊಟ್ಟೆಯೊಳಗಿನದ್ದನ್ನೆಲ್ಲ ಒಂದೇ ಎಳೆತಕ್ಕೆ ಕಿತ್ತು ಹಿಂದಿನ ಗಟಾರಕ್ಕೆ ಎಸೆದು ಮೇಲೆ ಒಂದು ಚೊಂಬು ನೀರು ಸುರಿದಳು.

ಪಕ್ಕದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹರವಿಕೊಂಡು ಕೂರುವ ಅಜೀಜಾಬಿಯ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಯಾಕ್ ಬೇ ಸಕ್ಕು, ಇವತ್ತ ಬೆನ್ನ ತೋರಿಸ್ಕೊಂಡ ಕುಂತೀದಿ? ಗಿರಾಕಿ ಮಾರಿ ನೋಡಾಕ ಈ ವಯಸ್ಸಿನ್ಯಾಗ ನಾಚಿಕಿ ಬಂತೇನು?"

"ಬಿಸಲ ಹೊಡ್ಯಾಕತ್ತದ."

"ಬಿಸಲ ಆ ಕಡಿ ಅದ. ನೀ ಬಿಸಲಿಗೇ ಮಾರಿ ಮಾಡಿ ಕುಂತೀದಿ."

ಸಕ್ಕುಬಾಯಿ ಪುಗ್ಗಾ ಕೇಳಲು ಬಂದ ಮಕ್ಕಳಿಗೆ "ಇವತ್ತ ಇಲ್ಲ, ನಡೀರಿ" ಎಂದು ಗದರಿದಳು. ಅಂಥ ಮೀನನ್ನು ಅವಳು ಹಿಂದೆಯೂ ಕಂಡಿದ್ದಳು, ಒಂದೆರಡಲ್ಲ, ಬುಟ್ಟಿಗಟ್ಟಲೆ.

ಅವಳ ಗಂಡ ಸೈದಪ್ಪ ಅಂಬಿಗರ ಮನೆಯಲ್ಲಿ ಹುಟ್ಟಿದವನು. ಭೀಮೆಯಲ್ಲಿ ಅವನಷ್ಟು ಹೊತ್ತು ಮುಳುಗಿರುವವರು ಆಗ ಯಾರೂ ಇರಲಿಲ್ಲ. ಮೀನು ಎಲ್ಲಿದೆ ಎಂದು ತಿಳಿಯಲು ಅವನ ಅಪ್ಪ ಮಾಡುತ್ತಿದ್ದ ಒಂದು ರೂಢಿ ಇತ್ತು. ತೆಪ್ಪ ನೂಕುವ ಬಿದಿರಿನ ಗಳದ ಒಂದು ತುದಿಯನ್ನು ನೀರಿನೊಳಗೆ ಬಿಟ್ಟು ಇನ್ನೊಂದು ತುದಿಯನ್ನು ದವಡೆಯಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂರುವುದು. ಮೀಸೆ ಮೀನು ಗೊಟಗುಟ್ಟುವುದು, ರೋಹು ಮಂದೆ ತಳದ ಪಾಚಿ ಕೆರೆಯುವುದು, ದೂರದಲ್ಲಿ ಯಾರೋ ಹುಟ್ಟು ಹಾಕುವುದು, ಎಲ್ಲವೂ ಹಲ್ಲಿನ ಮೂಲಕ ತಲೆಗೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಸೈದಪ್ಪ ಹೆಂಡತಿಗೂ ಅದನ್ನು ಕಲಿಸಿದ. ನದಿಯ ಹೊಟ್ಟೆಯೊಳಗೆ ಅಷ್ಟೊಂದು ಗದ್ದಲವಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಸೈದಪ್ಪನಿಗೆ ಸೋಮಾರಿತನ ಹತ್ತಿತು. ಕಲ್ಲಿನ ಖಣಿಯಲ್ಲಿ ಬಂಡೆ ಸಿಡಿಸುವ ತೋಟಾ ಒಬ್ಬನ ಕೈಯಿಂದ ಇವನ ಕೈಗೆ ಬಂತು. ತೋಟಾವನ್ನು ಅರಳೆಯಲ್ಲಿ ಸುತ್ತಿ, ಮೇಲೆ ಮೇಣದ ಬಟ್ಟೆ ಬಿಗಿದು, ಬತ್ತಿ ಹಚ್ಚಿ ಮಡುವಿಗೆ ಎಸೆದರೆ ಮುಗಿಯಿತು. ಢಮ್ ಎಂದ ಮೇಲೆ ಮೀನು ಹೊಟ್ಟೆ ಮೇಲೆ ಮಾಡಿ ತಾನಾಗಿ ಬರುತ್ತಿತ್ತು. ಕೇಳಿದವರಿಗೆ ಅವನದ್ದು ಒಂದೇ ಮಾತು, "ತೇಲಿ ಬಂದಾವ." ಆ ಮೀನುಗಳನ್ನು ಸೀಳಿದವಳು ಸಕ್ಕುಬಾಯಿ. ಒಡೆದ ಪುಗ್ಗಾ, ಬೆನ್ನಿನ ಕಪ್ಪು ನೆತ್ತರು, ಗೀರಿಲ್ಲದ ಮೈ. ಆಗಲೂ ಅವಳು ರಸ್ತೆಗೆ ಬೆನ್ನು ಮಾಡಿಯೇ ಕೂತಿದ್ದಳು. ಒಮ್ಮೆ ಪೊಲೀಸರು ಸೈದಪ್ಪನನ್ನು ಎಳೆದುಕೊಂಡು ಹೋಗಿ ಹೆಸರು ಬರೆದುಕೊಂಡು ಕಳಿಸಿದರು. ಅವನು ತೋಟಾ ಬಿಡಲಿಲ್ಲ. ಮೂರನೆಯ ವರ್ಷ ಬತ್ತಿ ಮೋಸ ಮಾಡಿತು. ಬಲಗೈ ಮೊಣಕೈವರೆಗೆ ಹೋಯಿತು. ಹದಿನೆಂಟು ದಿನ ಕಲಬುರಗಿಯ ದವಾಖಾನೆಯಲ್ಲಿ ನರಳಿ ಸತ್ತ. ಮಗ ಮಾಳಿಂಗನಿಗೆ ಆಗ ನಾಲ್ಕು ವರ್ಷ. ಮಣ್ಣು ಮಾಡಿ ಬಂದ ದಿನ ಸಕ್ಕುಬಾಯಿ ಆ ಕೂಸಿನ ಎರಡೂ ಕೈಯನ್ನು ಹೊಳೆಯ ನೀರಿನಲ್ಲಿ ಅದ್ದಿ, ತೋಟಾ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ಆಣೆ ಎಂದರೇನು ಎಂದು ಅದಕ್ಕೇನು ಗೊತ್ತು, ನೀರು ಸಿಕ್ಕಿತೆಂದು ಚಪ್ಪಾಳೆ ತಟ್ಟಿತು.

ಈಗ ಮಾಳಿಂಗ ಮೂವತ್ತರ ಗಂಡಸು. ಭಾಗ್ಯಾ ಎಂಬ ಹೆಂಡತಿ, ಒಂದು ಹೆಣ್ಣುಕೂಸು. ಊರ ಮುಂದೆ ಹಿನ್ನೀರಿಗೆ ಹೊಸ ಸೇತುವೆ ಕಟ್ಟಲು ಒಂದು ಕಂಪನಿ ಬಂದಿತ್ತು. ಇಬ್ಬರು ಕೈ ಹಿಡಿದು ಅಪ್ಪಿದರೂ ಸಾಲದಂಥ ಉಕ್ಕಿನ ಕೊಳವೆಗಳನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ಕ್ರೇನಿಗೆ ತೂಗಿಬಿಟ್ಟ ಸುತ್ತಿಗೆಯಿಂದ ತಲೆಯ ಮೇಲೆ ಬಡಿದು ಬಡಿದು ತಳಕ್ಕೆ ಇಳಿಸುತ್ತಿದ್ದರು. ಅಂಥ ಸುತ್ತಿಗೆ ಎರಡು. ಒಂದು ದಂಡೆಗೆ ಹತ್ತಿಕೊಂಡು, ಇನ್ನೊಂದು ನಡುನೀರಿನಲ್ಲಿ ತೇಲುವ ಕಟ್ಟೆಯ ಮೇಲೆ. ತಳದಲ್ಲಿ ಸಿಕ್ಕಿಬಿದ್ದ ತಂತಿ, ಮರದ ಬೊಡ್ಡೆ ಬಿಡಿಸಲು ಮುಳುಗುವವರು ಬೇಕಿತ್ತು. ಮಾಳಿಂಗನೂ ಅವನ ಗೆಳೆಯ ಶ್ರೀಮಂತನೂ ಸೇರಿಕೊಂಡರು. ಮೇಲೆ ಗಾಳಿಯ ಯಂತ್ರ, ಬಾಯಲ್ಲಿ ಪೈಪು, ಸೊಂಟಕ್ಕೆ ಹಗ್ಗ. ನಸುಕಿಗೆ ಬಲೆ ಎತ್ತಿ ಮೀನು ಮನೆಗೆ ಹಾಕಿ ಹೋದರೆ ಇಡೀ ಹಗಲು ಅಲ್ಲೇ.

ಅಂದು ಸಂಜೆ ಸಕ್ಕುಬಾಯಿ ಮಗನನ್ನು ಕೇಳಿದಳು. "ಮೀನ ಎಲ್ಲಿವು?"

ಅವನು ಊಟದ ಮೇಲಿಂದ ತಲೆ ಎತ್ತಲಿಲ್ಲ. ಮತ್ತೆ ಕೇಳಿದಳು. ಮೂರನೆಯ ಸಲ ಭಾಗ್ಯಾ ಮೊಣಕೈಯಲ್ಲಿ ತಿವಿದಾಗ, "ಹಾಂ?" ಎಂದ.

"ಮೀನ ಎಲ್ಲಿ ಹಿಡದಿ ಅಂತ ಕೇಳಾಕತ್ತೇನಿ. ಕಂಪನಿ ಸೇರಿದ ಮ್ಯಾಲ ಅವ್ವನ ಮಾತ ಕೇಳಸೂದಿಲ್ಲೇನು ನಿನಗ?"

"ಹಿಡದಿಲ್ಲವಾ. ತೇಲಿ ಬಂದಾವ."

ಸಕ್ಕುಬಾಯಿಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅದೇ ಮಾತು, ಅದೇ ತಗ್ಗಿಸಿದ ತಲೆ. ಅವಳು ಮಗನ ಎರಡೂ ಕೈಯನ್ನು ನೋಡಿದಳು. ಹತ್ತೂ ಬೆರಳು ಇದ್ದವು.

ಮರುದಿನ ಅವನು ಹೊರಗೆ ಹೋದ ಮೇಲೆ ಮನೆಯನ್ನೆಲ್ಲ ಜಾಲಾಡಿದಳು. ಜೋಳದ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದಳು, ಬಲೆಯ ಗಂಟು ಬಿಚ್ಚಿದಳು, ಮಾಡಿನ ಸಂದಿಗೆಲ್ಲ ಕೈ ಹಾಕಿದಳು. ತೋಟಾ ಸಿಗಲಿಲ್ಲ. ಮಾಳಿಂಗನ ಟ್ರಂಕಿನ ತಳದಲ್ಲಿ, ಅಂಗಿಯ ಮಡಿಕೆಯೊಳಗೆ, ಒಂದು ಸುರುಳಿ ಅರಳೆ ಇತ್ತು. ಅದರಿಂದ ಹರಿದು ಉಂಡೆ ಕಟ್ಟಿದ ಚೂರುಗಳೂ ಇದ್ದವು. ಕೆಲವಕ್ಕೆ ಕಂದು ಕಲೆ, ಎಣ್ಣೆಯ ಜಿಡ್ಡು. ಸಕ್ಕುಬಾಯಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ತೋಟಾ ಸುತ್ತುವುದು ಅರಳೆಯಲ್ಲೇ. ಎಲ್ಲವನ್ನೂ ಒಲೆಗೆ ಹಾಕಿ ಸುಟ್ಟಳು. ಸೊಸೆ ಬಂದು "ಏನ್ ಸುಡಾಕತ್ತೀರಿ ಅತ್ತಿ?" ಎಂದರೆ "ಹಳೇ ಅರಿವಿ" ಎಂದಳು.

ಮಗನನ್ನು ಮುಖಕ್ಕೆ ಮುಖ ಕೊಟ್ಟು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಕೇಳಿ, ಅವನು ಹೌದು ಎಂದುಬಿಟ್ಟರೆ? ಆಮೇಲೆ ಗೊತ್ತಿದ್ದೂ ಸುಮ್ಮನಿದ್ದವಳಾಗುತ್ತಾಳೆ. ಮೊದಲೊಮ್ಮೆ ಹಾಗಿದ್ದುದಕ್ಕೆ ಏನು ತೆತ್ತಳೆಂದು ಅವಳಿಗೇ ಗೊತ್ತಿತ್ತು. ಹಾಗಾಗಿ ದಿನಾ ಬೆನ್ನು ತಿರುಗಿಸಿ ಕೂತಳು, ಚಿಂದಿ ಪುಗ್ಗಾಗಳನ್ನು ಗಟಾರಕ್ಕೆ ಎಸೆದಳು, ನೀರು ಸುರಿದಳು. ಮಾಳಿಂಗ ಕೂಸನ್ನು ಎತ್ತಿಕೊಂಡರೆ ಅವನ ಬಲಗೈಯನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಹತ್ತನೆಯದೋ ಹನ್ನೊಂದನೆಯದೋ ದಿನ ಒಬ್ಬ ಹುಡುಗಿ ಕಲ್ಲಿನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ಹೆಗಲಿಗೆ ಚೀಲ, ಕಾಲಿಗೆ ಬೂಟು. ಹೆಸರು ಪಂಚಶೀಲಾ, ಊರು ಜೇವರ್ಗಿ ಕಡೆ, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಇದ್ದುಕೊಂಡು ಹೊಳೆಯ ಮೀನಿನ ಮೇಲೆ ಓದುತ್ತಿದ್ದಾಳೆ ಎಂದು ತಾನೇ ಹೇಳಿಕೊಂಡಳು.

"ಅವ್ವಾ, ಹೊಸಾ ಬ್ರಿಜ್ ಕೆಲಸ ನಡದ ಕಡಿಂದ ಬಂದ ಮೀನ ಅದಾವೇನ್ರಿ? ಅವುಗಳ ಪುಗ್ಗಾ ನೋಡಬೇಕಾಗ್ಯದ."

ಇಳಿಗಿಯ ಮೇಲೆ ಸಕ್ಕುಬಾಯಿಯ ಕಾಲು ಬಿಗಿಯಾಯಿತು. "ಪುಗ್ಗಾ ಯಾಕ್ ಬೇಕ ತಂಗಿ? ನೀ ಏನ್ ಸಣ್ಣ ಕೂಸೇನು?"

"ಒಡದಾವೇನು ಅಂತ ನೋಡಬೇಕ್ರಿ."

"ಎಲ್ಲಾ ಛಲೋ ಅದಾವ. ನನ್ನ ಮೀನಿಗೆ ಏನೂ ಆಗಿಲ್ಲ. ಒಡದಾವ ಅಂತ ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಕೇಳಾಕತ್ತೇನಿ ಅಷ್ಟ."

ಹುಡುಗಿ ಒಂದು ಸಣ್ಣ ರೋಹು ಕೊಂಡಳು, ಸೀಳದೆ ಹಾಗೇ ಕೊಡಿ ಎಂದಳು. ಸಕ್ಕುಬಾಯಿ ಕಿವಿ ಕೇಳದವಳಂತೆ ಸೀಳಿ, ತೊಳೆದು, ಖಾಲಿ ಹೊಟ್ಟೆಯ ಮೀನನ್ನು ಕೊಟ್ಟಳು. ಪಂಚಶೀಲಾ ಅದನ್ನೂ ಅವಳನ್ನೂ ಒಂದು ಗಳಿಗೆ ನೋಡಿ, ಚೀಟಿಯ ಮೇಲೆ ಫೋನ್ ನಂಬರ್ ಬರೆದು ಕಲ್ಲಿನ ಮೇಲಿಟ್ಟು ಹೋದಳು.

"ಪೊಲೀಸ್ ಮನಿಯಾಕಿ ಇರಬೇಕ," ಎಂದಳು ಸಕ್ಕುಬಾಯಿ.

"ಆ ಬೂಟಿನ್ಯಾಗ ಪೊಲೀಸ್ ಓಡಾಕ ಆಗ್ತದೇನ?" ಎಂದಳು ಅಜೀಜಾಬಿ. "ಸಕ್ಕು, ನೀ ಹತ್ತ ದಿನದಿಂದ ಗಟಾರಕ್ಕ ಏನ್ ತುಂಬಾಕತ್ತೀದಿ ನನಗ ಗೊತ್ತಿಲ್ಲ ಅನಬ್ಯಾಡ. ನಾಯಿ ದಿನಾ ನನ್ನ ಬಳ್ಳೊಳ್ಳಿ ಮ್ಯಾಲೇ ಹಾಯ್ದ ಬರ್ತಾವ. ನಾ ಕೇಳಿಲ್ಲ. ಆದ್ರ ಕಣ್ಣ ಕುರುಡಿಲ್ಲ ನಂದು."

ಇಪ್ಪತ್ತನೆಯ ದಿನ ಸಕ್ಕುಬಾಯಿ ಚೌಡಾಪುರಕ್ಕೆ ಹೋಗಲಿಲ್ಲ. ಮಗ ತೋಟಾ ಎಲ್ಲಿ ಹಾಕುತ್ತಾನೋ ನೋಡಿ, ಅಲ್ಲೇ ಕೈ ಹಿಡಿದು ಕಪಾಳಕ್ಕೆ ಬಿಡುವುದೆಂದು ತೀರ್ಮಾನಿಸಿ, ಬಟ್ಟೆ ಒಗೆಯುವ ನೆಪದಲ್ಲಿ ಹೊಳೆಗೆ ಇಳಿದಳು. ಬೆಳಗಿನ ಹತ್ತರ ಬಿಸಿಲು. ಮೇಲುಗಡೆ, ಎರಡು ಫರ್ಲಾಂಗ್ ದೂರದಲ್ಲಿ, ಸುತ್ತಿಗೆ ಢಣ್ ಢಣ್ ಎನ್ನುತ್ತಿತ್ತು. ಊರಿಗೆ ಆ ಸದ್ದು ಹಳತಾಗಿತ್ತು, ಹಿಟ್ಟಿನ ಗಿರಣಿಯ ಸದ್ದಿನಷ್ಟೇ. ದಂಡೆಯಲ್ಲಿ ಮಗುಚಿ ಹಾಕಿದ ತೆಪ್ಪದ ಮೇಲೆ ಹಳೆಯ ಗಳ ಇತ್ತು. ತೋಟಾ ಎಲ್ಲಿ ಬಿದ್ದರೂ ನೀರಿನಲ್ಲಿ ಗೊತ್ತಾಗುತ್ತದೆ, ಕಣ್ಣಿಗೆ ಕಾಣದಿದ್ದರೂ ಹಲ್ಲಿಗೆ ಸಿಗುತ್ತದೆ. ಗಳದ ತುದಿಯನ್ನು ಆಳಕ್ಕೆ ಬಿಟ್ಟು, ಈ ತುದಿಯನ್ನು ದವಡೆಯಲ್ಲಿ ಕಚ್ಚಿ ಕೂತಳು. ಎಷ್ಟೋ ವರ್ಷವಾಗಿತ್ತು ಹಾಗೆ ಕೂತು.

ಮೊದಲ ಹೊಡೆತ ತಲೆಯನ್ನೇ ಒದ್ದಿತು. ಹಲ್ಲಿನಿಂದ ದವಡೆಗೆ, ದವಡೆಯಿಂದ ಕಣ್ಣಿನ ಹಿಂದಕ್ಕೆ ಏರಿತು. ಸಡಿಲವಾಗಿದ್ದ ದವಡೆ ಹಲ್ಲೊಂದು ಬುಡದಲ್ಲಿ ಕೆಂಡ ಇಟ್ಟಂತೆ ಉರಿಯಿತು. ಗಳ ಬಿಟ್ಟು ಬಾಯಿ ಹಿಡಿದುಕೊಂಡಳು. ಯಾರೋ ಪಕ್ಕದಲ್ಲೇ ತೋಟಾ ಹಾಕಿದರೆಂದು ಸುತ್ತ ನೋಡಿದಳು. ನೀರು ಸುಮ್ಮನಿತ್ತು, ಯಾರೂ ಇರಲಿಲ್ಲ. ಮತ್ತೆ ಕಚ್ಚಿದಳು. ಮತ್ತೊಂದು. ಉಸಿರು ಎಳೆದು ಬಿಡುವಷ್ಟರಲ್ಲಿ ಇನ್ನೊಂದು. ನಡುವಿನ ಸಂದಿನಲ್ಲಿ ಅವಳು ಕೇಳಲು ಹವಣಿಸಿದ್ದು ಗೊಟಗುಟ್ಟುವಿಕೆ, ಕೆರೆತ, ಮೀನಿನ ಓಡಾಟ. ಏನೂ ಇರಲಿಲ್ಲ. ಹೊಡೆತ, ಖಾಲಿ, ಹೊಡೆತ, ಖಾಲಿ.

ಆಗ ಅವಳು ಗಳವನ್ನು ಹಲ್ಲಿನಲ್ಲೇ ಇಟ್ಟುಕೊಂಡು ದೂರದ ಸುತ್ತಿಗೆಯನ್ನು ನೋಡಿದಳು. ಅದು ಬಿದ್ದಾಗಲೆಲ್ಲ ಹಲ್ಲಿಗೆ ಬರುತ್ತಿತ್ತು. ಗಾಳಿಯಲ್ಲಿ ಬರುವ ಢಣ್ ಕಿವಿಗೆ ಆಮೇಲೆ ತಲುಪುತ್ತಿತ್ತು, ನೀರಿನದ್ದು ಮೊದಲೇ. ಕಾಲ ಬಳಿಯೇ ಬೆರಳುದ್ದದ ಒಂದು ಮರಿ ಓರೆಯಾಗಿ, ಸುತ್ತು ಹಾಕಿ ಸುತ್ತು ಹಾಕಿ, ಹೊಟ್ಟೆ ಮೇಲಾಗಿ ತೇಲಿತು.

ತೋಟಾ ಹಾಕಿದವರು ಯಾರೂ ಅಲ್ಲ. ಮಗ ಹೇಳಿದ್ದು ನಿಜ, ತೇಲಿಯೇ ಬಂದಿದ್ದವು. ಹಾಗಾದರೆ ಅರಳೆ? ತಾನು ಮೂರು ಸಲ ಕೇಳುವವರೆಗೆ ಮಾಳಿಂಗ ತಲೆ ಎತ್ತದಿದ್ದುದು ನೆನಪಾಯಿತು. ಅರಳೆಯ ಮೇಲಿನ ಕಂದು ಕಲೆ ನೆನಪಾಯಿತು. ಅದು ಎಣ್ಣೆಯಲ್ಲ, ಒಣಗಿದ ನೆತ್ತರು. ಕಿವಿಗೆ ತುರುಕಿಕೊಳ್ಳುತ್ತಿದ್ದ ಅರಳೆಯನ್ನು ಅವಳು ಒಲೆಗೆ ಹಾಕಿದ್ದಳು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಚಿಂದಿಯಾಗುವ ನೀರಿನಲ್ಲಿ ಎದೆ ತುಂಬ ಗಾಳಿ ತುಂಬಿಕೊಂಡು ಅವಳ ಮಗ ದಿನಾ ಇಳಿಯುತ್ತಿದ್ದ.

ನಡುನೀರಿನ ಕಟ್ಟೆಯ ಮೇಲೆ ಕೆಂಪು ಬಟ್ಟೆ ಏರಿತ್ತು. ಮನುಷ್ಯ ಕೆಳಗಿದ್ದಾನೆ ಎಂಬ ಗುರುತು. ಅಲ್ಲಿಯ ಸುತ್ತಿಗೆ ನಿಂತಿತ್ತು. ದಂಡೆಯದ್ದು ಬಡಿಯುತ್ತಲೇ ಇತ್ತು.

ಐವತ್ತನಾಲ್ಕು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿ ಜಾಲಿಮುಳ್ಳಿನ ದಾರಿಯಲ್ಲಿ ಎರಡು ಫರ್ಲಾಂಗ್ ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಪ್ರತಿ ಹೊಡೆತಕ್ಕೂ ಅವಳ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು, ಈಗ ಬಾಯಲ್ಲಿ ಗಳವೇ ಇರಲಿಲ್ಲ. ಒಂದು ಹೊಡೆತಕ್ಕೆ ಒಂದು ಮೀನು, ಇನ್ನೊಂದು ಹೊಡೆತಕ್ಕೆ ಇನ್ನೊಂದು, ಯಾವ ಹೊಡೆತಕ್ಕೆ ಮಾಳಿಂಗ ಎಂದು ತಲೆಯೊಳಗೆ ಅದೇ ಓಡುತ್ತಿತ್ತು. ಕಾವಲಿನವನು ಅಡ್ಡ ಬಂದ, ಅವನನ್ನು ತಳ್ಳಿ, ಕಟ್ಟಿದ್ದ ಪಟ್ಟಿಯ ಕೆಳಗೆ ನುಸುಳಿ, ಕ್ರೇನಿನ ಮುಂದೆ ಸುತ್ತಿಗೆ ತೂಗುವ ಜಾಗಕ್ಕೆ ಹೋಗಿ ನೆಲದ ಮೇಲೆ ಕೂತುಬಿಟ್ಟಳು.

ಕ್ರೇನ್ ನಡೆಸುವ ಜಹೀರುದ್ದೀನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏ ಅಮ್ಮಾ, ಸರೀರಿ ಅಲ್ಲಿಂದ. ಮೈಮ್ಯಾಲ ಬಿತ್ತಂದ್ರ ತುಂಡ ಆಗ್ತೀರಿ."

"ಮೊದಲ ಅದನ್ನ ನಿಂದರಸು."

"ನಿಂದರಸಾಕ ನನಗ ಹುಕುಂ ಇಲ್ರಿ."

"ನೀರಾಗ ನನ್ನ ಮಗ ಅದಾನ."

"ಅಲ್ಲಿ ಬಂದ್ ಅದ ನೋಡ್ರಿ. ಕೆಂಪ ಬಟ್ಟಿ ಏರಸ್ಯಾರ."

"ನಿಂದ ಬಂದ್ ಆಗಿಲ್ಲಲ್ಲೋ ತಮ್ಮಾ. ನೀರ ಎರಡ ಅದಾವೇನು?"

ಜಹೀರುದ್ದೀನ ಒಮ್ಮೆ ಅವಳನ್ನೂ ಒಮ್ಮೆ ನಡುನೀರಿನ ಬಟ್ಟೆಯನ್ನೂ ನೋಡಿದ. ಇಷ್ಟು ದಿನ ಆ ಪ್ರಶ್ನೆ ಅವನ ತಲೆಗೆ ಬಂದಿರಲಿಲ್ಲ. ಕೈ ಹಿಂದಕ್ಕೆ ಎಳೆದ. ಸುತ್ತಿಗೆ ಅರ್ಧಕ್ಕೆ ನಿಂತು ತೂಗಾಡಿತು.

ಹೊಳೆ ನಿಶ್ಶಬ್ದವಾಯಿತು. ಸಕ್ಕುಬಾಯಿ ಎದ್ದು ನೀರಿನ ಅಂಚಿಗೆ ಬಂದಳು. ಕಟ್ಟೆಯ ಮೇಲೆ ಶ್ರೀಮಂತ ಹಗ್ಗ ಜಗ್ಗಿ ಸನ್ನೆ ಮಾಡಿದ. ಕೆಳಗಿನಿಂದ ಮರುಸನ್ನೆ ಬರಲಿಲ್ಲ. ಮತ್ತೆ ಜಗ್ಗಿದ. ಗುಳ್ಳೆಗಳು ಕಟ್ಟೆಯ ಬಳಿ ಏಳುತ್ತಿದ್ದವು, ಆಮೇಲೆ ದೂರ ಸರಿದವು, ಇನ್ನೂ ದೂರ. ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಮಾಳಿಂಗ ಕಟ್ಟೆಯ ಕಡೆ ಬರುವ ಬದಲು ಆಳದಲ್ಲೇ ಅಡ್ಡಕ್ಕೆ ಈಸುತ್ತಿದ್ದ. ಶ್ರೀಮಂತ ಬಟ್ಟೆ ಕಳಚದೆ ಹಾರಿದ. ಅವರಿಬ್ಬರ ತಲೆ ಒಟ್ಟಿಗೆ ಮೇಲೆ ಬರುವವರೆಗೆ ಸಕ್ಕುಬಾಯಿ ಏನೂ ಕೂಗಲಿಲ್ಲ. ಕೂಗಲು ಬಾಯಿ ತೆರೆಯಬೇಕಿತ್ತು, ದವಡೆ ಬಿಚ್ಚಲಿಲ್ಲ.

ದಂಡೆಗೆ ತಂದು ಮಲಗಿಸಿದರು. ಮೂಗಿನಿಂದ, ಎಡಗಿವಿಯಿಂದ ನೆತ್ತರು. ಕಿವಿಯಲ್ಲಿ ಭಾಗ್ಯಾಳ ಹಳೆಯ ಸೀರೆಯ ಚೂರು ತುರುಕಿಕೊಂಡಿದ್ದ. ಟ್ರಂಕಿನಲ್ಲಿಟ್ಟ ಅರಳೆ ಕಾಣೆಯಾದ ಮೇಲೆ ಅದೇ. ಮೂರು ವಾರದಿಂದ ಎಡಗಿವಿ ಕೇಳುತ್ತಿರಲಿಲ್ಲವಂತೆ. ಹೇಳಿದರೆ ಕೆಲಸದಿಂದ ತೆಗೆಯುತ್ತಾರೆಂದು ಹೆಂಡತಿಗೂ ಹೇಳಿರಲಿಲ್ಲ.

"ಟ್ರಂಕಿನ್ಯಾಗಿನ ಅರಳಿ ನಾನೇ ಸುಟ್ಟೆ," ಎಂದಳು ಸಕ್ಕುಬಾಯಿ.

ಅವನಿಗೆ ಕೇಳಿಸಲಿಲ್ಲ. ಎಡಗಿವಿಯ ಕಡೆಯಿಂದ ಹೇಳಿದ್ದಳು.

ಕಂಪನಿಯ ಸಾಹೇಬ ಜೀಪಿನಿಂದ ಇಳಿದು ಬಂದ. ಅವನದ್ದು ದಕ್ಷಿಣದ ನಯವಾದ ಕನ್ನಡ. "ಇವರ ಕಿವಿ ಮೊದಲೇ ಸೋರ್ತಿತ್ತಂತೆ. ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಆ ಓದೋ ಹುಡುಗಿ ಕೇಳ್ಕೊಂಡು ಓಡಾಡ್ತಿರೋ ಮೀನಿನ ವಿಷಯ ಬೇರೆ ಎತ್ತಬೇಡಿ ಅಮ್ಮ. ತೇಲೋದು ತೋಟೆ ಹಾಕಿದ ಮೀನು ಅಂತ ಎಲ್ಲರಿಗೂ ಗೊತ್ತು. ಈ ಊರಲ್ಲಿ ತೋಟೆ ಹಾಕ್ತಿದ್ದವರ ಹೆಸರು ಪೊಲೀಸರ ಹತ್ತಿರ ಇನ್ನೂ ಇರುತ್ತೆ."

ಇಪ್ಪತ್ತು ದಿನ ಸಕ್ಕುಬಾಯಿ ಹೆದರಿದ್ದು ಇದೇ ಮಾತಿಗೆ. ಅದನ್ನು ಹೇಳುವವನು ಪೊಲೀಸನಾಗಿರುತ್ತಾನೆ ಎಂದುಕೊಂಡಿದ್ದಳು, ಅಷ್ಟೇ.

ಅಂದು ಮಧ್ಯಾಹ್ನವೇ ಸೊಸೆಯ ಫೋನಿನಿಂದ ಚೀಟಿಯಲ್ಲಿದ್ದ ನಂಬರಿಗೆ ಮಾತಾಡಿದಳು. "ತಂಗಿ, ನಾ ಚೌಡಾಪುರದ ಮೀನಿನಾಕಿ. ಪುಗ್ಗಾ ಒಡದಾವ. ಅವತ್ತ ಸುಳ್ಳ ಹೇಳಿದೆ. ಬಾ."

ಮರುದಿನ ಬೆಳಿಗ್ಗೆ ಚೌಡಾಪುರದ ಕಲ್ಲು ಟಂಟಂ ಏರಿ ಹೊಳೆಯ ದಂಡೆಗೆ ಬಂತು. ಸಕ್ಕುಬಾಯಿ ಊರಿನವರಿಗೆಲ್ಲ ಹೇಳಿ ಕಳಿಸಿದ್ದಳು. ಬಂದವರು ಏಳು ಜನ, ಅದರಲ್ಲಿ ಇಬ್ಬರು ಮೀನು ಪುಕ್ಕಟೆ ಸಿಗುತ್ತದೆಂದು ಬಂದವರು. ಅಜೀಜಾಬಿ ಅಂಗಡಿ ಮುಚ್ಚಿ ಬಂದಿದ್ದಳು. "ಇವತ್ತರ ನಮ್ಮ ಕಡಿ ಮಾರಿ ಮಾಡಿ ಕುಂದ್ರು," ಎಂದಳು.

ಸಕ್ಕುಬಾಯಿ ಎಲ್ಲರ ಕಡೆ ಮುಖ ಮಾಡಿ ಕೂತಳು. ನಸುಕಿನಲ್ಲಿ ಶ್ರೀಮಂತ ತೇಲುವಲ್ಲಿಂದ ಆರಿಸಿ ತಂದ ಮೀನುಗಳನ್ನು ಒಂದೊಂದಾಗಿ ಸೀಳಿ, ಚಿಂದಿ ಪುಗ್ಗಾಗಳನ್ನು ಸಾಲಾಗಿ ಇಟ್ಟಳು. ಸೀಳುತ್ತ ಹೇಳಿದಳು. ಗಂಡ ತೋಟಾ ಹಾಕುತ್ತಿದ್ದ, ಆ ಮೀನು ತಾನೇ ಸೀಳಿ ಮಾರಿದ್ದು, ಅದಕ್ಕೇ ತನಗೆ ಇದರ ಗುರುತು ಗೊತ್ತು. ಈಗ ಯಾರೂ ತೋಟಾ ಹಾಕುತ್ತಿಲ್ಲ. ಹಾಕುತ್ತಿರುವುದು ಆ ಸುತ್ತಿಗೆ, ಉಸಿರಿಗೊಂದು.

ಪಂಚಶೀಲಾ ಫೋಟೊ ತೆಗೆದು, ತಾರೀಖು ಹಾಕಿ, ಚಿಂದಿಗಳನ್ನು ಶೀಸೆಗೆ ತುಂಬಿದಳು. ಕಟ್ಲಾದ ಬಾಲ ಹಿಡಿದು, "ಇದರ ಪುಗ್ಗಾಕ್ಕೂ ಕಿವಿಗೂ ನಡುವ ಸಣ್ಣ ಎಲುಬಿನ ಸರಪಳಿ ಇರ್ತದ್ರಿ. ಪುಗ್ಗಾನೇ ಇದಕ್ಕ ಕಿವಿ ಇದ್ದಂಗ. ಹತ್ತರ ಇದ್ದಿದ್ದು ಸಾಯ್ತದ. ದೂರ ಇದ್ದಿದ್ದು ಕಿವುಡ ಆಗಿ ಬದಕ್ತದ. ಕಿವುಡ ಮೀನಿಗೆ ಹಿಂಡು ಸಿಗೂದಿಲ್ಲ, ಬಾಳೆಮೀನ ತಿನ್ನಾಕ ಬೆನ್ನ ಹತ್ತಿದ್ರ ಗೊತ್ತಾಗೂದಿಲ್ಲ," ಎಂದಳು. ಕೊಳವೆಯ ಸುತ್ತ ತಳದಲ್ಲಿ ತೂತಿನ ಪೈಪು ಹಾಸಿ ಗಾಳಿ ಬಿಟ್ಟರೆ ಗುಳ್ಳೆಗಳ ಗೋಡೆ ಎದ್ದು ಬಹಳಷ್ಟು ಸದ್ದನ್ನು ನುಂಗುತ್ತದೆ, ಬೇರೆ ಕಡೆ ಹಾಗೆ ಮಾಡುತ್ತಾರೆ ಎಂದೂ ಹೇಳಿದಳು. ಆಮೇಲೆ ಪೆನ್ನು ಎತ್ತಿ ಕೇಳಿದಳು, "ಯಾವಾಗಿಂದ ಹಿಂಗ ಅದಾವ್ರಿ ಅವ್ವಾ?"

"ಇಪ್ಪತ್ತ ದಿನ."

"ಒಂದಾದ್ರೂ ಇಟ್ಟೀರೇನ್ರಿ?"

"ಇಲ್ಲ. ಗಟಾರಕ್ಕ ಹಾಕೀನಿ."

ಹುಡುಗಿ ಅದನ್ನೂ ಬರೆದುಕೊಂಡಳು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಕ್ಕುಬಾಯಿಗೆ.

ಅರ್ಜಿ ಹೋಯಿತು. ಅಧಿಕಾರಿಗಳು ಬರುವ ಸುದ್ದಿ ಕಂಪನಿಗೆ ಮೊದಲೇ ಮುಟ್ಟಿತ್ತು. ಅವರು ಬಂದ ದಿನ ಎರಡೂ ಸುತ್ತಿಗೆ ಬೆಳಿಗ್ಗೆಯಿಂದ ರಿಪೇರಿಯಲ್ಲಿದ್ದವು, ನೀರಿನ ಮೇಲೆ ಒಂದು ಮೀನೂ ತೇಲಲಿಲ್ಲ. ಒಂದು ದಿನದ ಶೀಸೆಗಳಿಂದ ಏನೂ ಸಾಬೀತಾಗುವುದಿಲ್ಲ, ಒಂದು ತಿಂಗಳದ್ದಿದ್ದರೆ ನೋಡಬಹುದಿತ್ತು ಎಂದರು. ಗುಳ್ಳೆಯ ಮಾತಿಗೆ ಸಾಹೇಬ ಟೆಂಡರಿನಲ್ಲಿ ಗುಳ್ಳೆ ಇಲ್ಲ ಎಂದ. ಕೊನೆಗೆ ಕಾಗದದ ಮೇಲೆ ಬಂದದ್ದು ಒಂದೇ ಸಾಲು. ನೀರಿನೊಳಗೆ ಮನುಷ್ಯ ಇದ್ದಾಗ ಎರಡೂ ಸುತ್ತಿಗೆ ನಿಲ್ಲಬೇಕು. ಆ ಸಾಲು ಸಿಕ್ಕಿದ್ದು ಶೀಸೆಗಳಿಂದಲ್ಲ. ಹೆಂಗಸೊಬ್ಬಳು ಕೆಳಗೆ ಬಂದು ಕೂತದ್ದರಿಂದ ಸುತ್ತಿಗೆ ನಿಲ್ಲಿಸಿದೆ ಎಂದು ಜಹೀರುದ್ದೀನ ಕೆಲಸದ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದ. ಅವನನ್ನು ಬೇರೆ ಊರಿಗೆ ಕಳಿಸಿದರು.

ಮಾಳಿಂಗನ ಎಡಗಿವಿ ಹೋಯಿತು. ದವಾಖಾನೆಯಲ್ಲಿ ಬಲಗಿವಿಯನ್ನಾದರೂ ಜೋಪಾನ ಮಾಡಿಕೊ ಎಂದರು. ಒಂದು ತಿಂಗಳು ಮನೆಯಲ್ಲಿ ಕೂತ. ಬಲೆ ಬಿಟ್ಟರೆ ಬಲೆ ಖಾಲಿ ಬರುತ್ತಿತ್ತು. ಸತ್ತವು ಸತ್ತಿದ್ದವು, ಉಳಿದವು ಬ್ಯಾರೇಜಿನ ಕಡೆ ಇಳಿದು ಹೋಗಿದ್ದವು. ಈಸುವುದು ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ ಮತ್ತೆ ಕಟ್ಟೆಗೆ ಹೋಗುತ್ತೇನೆಂದ. ಭಾಗ್ಯಾ ಅತ್ತಳು. ಸಕ್ಕುಬಾಯಿ ಅಳಲಿಲ್ಲ, ಬೇಡ ಎನ್ನಲೂ ಇಲ್ಲ. ಬೇಡ ಎಂದು ಆಮೇಲೆ ಏನು ಕೊಡುವುದು?

ಚೌಡಾಪುರದಲ್ಲಿ ಅವಳ ಜಾಗದಲ್ಲಿ ಈಗ ಅಜೀಜಾಬಿಯ ಉಳ್ಳಾಗಡ್ಡಿ ಹರಡಿದೆ. ಮಾರಲು ಮೀನೂ ಇಲ್ಲ, ಹೋಗಲು ಸಕ್ಕುಬಾಯಿಗೆ ಹೊತ್ತೂ ಇಲ್ಲ. ಬೆಳಿಗ್ಗೆ ಮಗನ ಜೊತೆಗೇ ಹೊಳೆಗೆ ಇಳಿಯುತ್ತಾಳೆ. ಕೆಂಪು ಬಟ್ಟೆಯನ್ನು ಅವಳು ನಂಬುವುದಿಲ್ಲ, ಕಾಗದವನ್ನಂತೂ ಮೊದಲೇ ಇಲ್ಲ. ತೇಲುವ ಕಟ್ಟೆಯ ಅಂಚಿನಲ್ಲಿ ಕೂತು ಗಳವನ್ನು ನೀರಿಗೆ ಬಿಟ್ಟು ಹಲ್ಲಿನಲ್ಲಿ ಕಚ್ಚುತ್ತಾಳೆ. ಸಡಿಲವಾಗಿದ್ದ ಹಲ್ಲು ಬಿದ್ದುಹೋಗಿದೆ, ಈಗ ಇನ್ನೊಂದು ಕಡೆಯ ದವಡೆಯಲ್ಲಿ. ಅವಳು ತಲೆ ಆಡಿಸುವವರೆಗೆ ಮಾಳಿಂಗ ಬಾಯಿಗೆ ಪೈಪು ಇಟ್ಟುಕೊಳ್ಳುವುದಿಲ್ಲ. ಅವನು ಕೆಳಗಿರುವಷ್ಟು ಹೊತ್ತೂ ಹಾಗೇ ಕೂತಿರುತ್ತಾಳೆ. ಒಂದು ಹೊಡೆತ ಬಿದ್ದರೂ ಹಗ್ಗ ಜಗ್ಗಲು ಬಲಗೈ ಹಗ್ಗದ ಮೇಲೆ. ಎರಡು ಸಲ ಜಗ್ಗಿದ್ದಾಳೆ. ಒಮ್ಮೆ ದಂಡೆಯ ಹೊಸ ಕ್ರೇನಿನವನು ಮರೆತಿದ್ದ. ಇನ್ನೊಮ್ಮೆ ಏನೂ ಆಗಿರಲಿಲ್ಲ, ಅವಳದೇ ಎದೆ ಬಡಿದದ್ದು ದವಡೆಗೆ ಬಂದಿತ್ತು.

ಮೊನ್ನೆ ಮಾಳಿಂಗ ಇಳಿಯುವ ಮೊದಲು ಬಲಗಿವಿಯನ್ನು ಅವಳ ಕಡೆ ತಿರುಗಿಸಿ ಕೇಳಿದ, "ಏನರ ಕೇಳಸ್ತದೇನವಾ?"

ಅವಳು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಗೊಟಗುಟ್ಟುವಿಕೆ ಇಲ್ಲ, ಕೆರೆತ ಇಲ್ಲ, ಒಂದು ಬಾಲ ಹೊರಳಿದ್ದೂ ಇಲ್ಲ.

ಗಳದಿಂದ ಬಾಯಿ ತೆಗೆದು, "ಏನಿಲ್ಲ. ಇಳಿ," ಎಂದಳು. ಮತ್ತೆ ಕಚ್ಚಿದಳು.